ಅಚ್ಚಿನಲ್ಲಿ ಇಲ್ಲದ ಸಾಲುಗಳು

ಮುಕ್ಕಾಲು ಬೆಂಚು ಮರದೊಳಗೆ ಹೋಗಿತ್ತು. ಕಬ್ಬಿಣದ ಒಂದು ಕೈ, ಬೆನ್ನಿನ ಪಟ್ಟಿಯ ತುದಿ ಮತ್ತು ಒಬ್ಬರು ಇಕ್ಕಟ್ಟಿನಲ್ಲಿ ಕೂರಬಹುದಾದಷ್ಟು ಜಾಗ ಮಾತ್ರ ಹೊರಗೆ ಉಳಿದಿದ್ದವು. ತೊಗಟೆ ಕಬ್ಬಿಣದ ಸುತ್ತ ದಪ್ಪ ತುಟಿಯ ಹಾಗೆ ಮುಚ್ಚಿಕೊಂಡಿತ್ತು. ಉದುರಿದ ಹಳದಿ ಎಲೆಗಳನ್ನು ಪಾರ್ಕಿನವರು ಗುಡಿಸಿ ಗುಡ್ಡೆ ಹಾಕಿದ್ದರು. ಗಾಳಿ ಅದನ್ನು ಮತ್ತೆ ಹರಡುತ್ತಿತ್ತು.

ಕನ್ನಡಕದವನ ಹೆಂಡತಿ ಮರದ ಸುತ್ತ ಒಂದು ಸುತ್ತು ಬಂದು ನಿಂತಳು.

"ಎಲ್ಲರೂ ನುಂಗಿದೆ ನುಂಗಿದೆ ಅಂತಾರೆ. ನಂಗೇನೋ ಹಾಗನಿಸಲ್ಲ ರೀ. ಬೆಂಚು ಯಾರಿಗೂ ಬೇಡವಾಗಿತ್ತು. ಮರ ಸಾಕ್ಕೊಂಡಿದೆ."

ಕನ್ನಡಕದವನು ತಲೆಯಾಡಿಸಿದ. ಆ ಮಾತನ್ನು ಆಗಲೇ ಮನಸ್ಸಿನಲ್ಲಿ ಬರೆದುಕೊಂಡಾಗಿತ್ತು. ಶನಿವಾರದ ಬರಹಕ್ಕೆ ಅದೇ ಕೊನೆಯ ಸಾಲು. ಅಚ್ಚಾಗುವಾಗ ಅದು ಅವನ ಮಾತಾಗಿರುತ್ತದೆ. 'ಈ ಮರ ಬೆಂಚಿನ ಬೀಜದಿಂದ ಹುಟ್ಟಿದ್ದಾ?' ಎಂದು ಕೇಳುವುದು ಅವಳ ಪಾಲಿಗೆ ಬರುತ್ತದೆ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನದೊಂದು ಸಣ್ಣ ಕನ್ನಡಕದಂಗಡಿ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಕೆಲಸ, ಬರೆಯುವುದು ಚಟ. ಊರಿನ ಸಂಜೆ ಪತ್ರಿಕೆಯಲ್ಲಿ ಪ್ರತಿ ಶನಿವಾರ ಅವನ ಸುತ್ತಾಟದ ಅಂಕಣ ಬರುತ್ತಿತ್ತು, ಮೇಲೊಂದು ಫೋಟೊ ಸಮೇತ. ದೂರದ ಜಾಗಗಳೇನಲ್ಲ. ಹಳೆಯ ನೀರಿನ ಗೋಪುರ, ಯಾರೋ ಒಬ್ಬರು ಮನೆ ತುಂಬ ಕೂಡಿಟ್ಟ ಬೀಗಗಳು, ಕೆರೆ ದಂಡೆಯಲ್ಲಿ ತಿಂದ ಬಿಸಿ ಕಡಲೆಕಾಯಿ. ಮೊದಲ ಬರಹಗಳನ್ನು ಓದಿದ ಸಂಪಾದಕರು, "ಚೆನ್ನಾಗಿದೆ. ಆದ್ರೆ ನಗು ಬರಲ್ಲ. ಯಾರಾದ್ರೂ ಒಬ್ರು ಎಡವಬೇಕಪ್ಪ," ಎಂದಿದ್ದರು. ಆ ವಾರವೇ ಅವನು ಮೇಣದ ಬೊಂಬೆಗಳ ಮನೆಯಲ್ಲಿ ಮೇಣದ ಕಾವಲುಗಾರನ ಹತ್ತಿರ ಶೌಚಾಲಯದ ದಾರಿ ಕೇಳಿದ್ದ. ಉತ್ತರ ಬಾರದೆ ಎರಡನೆಯ ಸಲ ಗಟ್ಟಿಯಾಗಿ ಕೇಳಿದ್ದ ಕೂಡ. ಬರೆಯುವಾಗ ಪೆನ್ನು ತಾನಾಗಿ 'ನಮ್ಮ ಮನೆಯವಳು' ಎಂದು ಬರೆಯಿತು. ಪೆನ್ನಿನ ಮೇಲೆ ಹೊರಿಸುವುದು ಸುಲಭ. ಓದುಗರು ನಕ್ಕರು, ಪತ್ರಿಕೆಗೆ ಫೋನು ಮಾಡಿದರು. ಅಲ್ಲಿಂದ ಮುಂದೆ ಅವನ ಎಡವಟ್ಟುಗಳೆಲ್ಲ ಅವಳಿಗೆ ಹೋದವು, ಅವಳ ಒಳ್ಳೆಯ ಮಾತುಗಳೆಲ್ಲ ಅವನಿಗೆ ಬಂದವು.

ಅವಳು ಪರದೆ ಹೊಲಿಯುವ ಅಂಗಡಿಯಲ್ಲಿದ್ದಳು. ದಿನವಿಡೀ ದಾರ ನೋಡಿದ ಕಣ್ಣಿಗೆ ಸಂಜೆ ಅಕ್ಷರ ಬೇಡವಾಗುತ್ತಿತ್ತು. ಶನಿವಾರ ಮನೆಗೆ ಉಳಿಕೆ ಕೆಲಸ ತಂದು, ಪರದೆಯ ಅಂಚನ್ನು ಕೈಯಲ್ಲಿ ಹೊಲಿಯುತ್ತ, "ಹೂಂ, ಓದಿ," ಎನ್ನುತ್ತಿದ್ದಳು. ಅವನು ಪತ್ರಿಕೆ ಬಿಡಿಸಿ ಓದುತ್ತಿದ್ದ. ಅಚ್ಚಾಗಿದ್ದು ಒಂದು, ಓದುತ್ತಿದ್ದುದು ಇನ್ನೊಂದು. ಓದಿನಲ್ಲಿ ಎಡವುವವನು ಅವನೇ, ಸರಿಯಾದ ಮಾತು ಆಡುವವಳು ಅವಳೇ. ಮೊದಮೊದಲು ಪತ್ರಿಕೆಯನ್ನು ಮುಖಕ್ಕೆ ತೀರಾ ಹತ್ತಿರ ಹಿಡಿಯುತ್ತಿದ್ದ. ಆಮೇಲೆ ಅಭ್ಯಾಸವಾಯಿತು. ಓದಿ ಮುಗಿದ ಮೇಲೆ ಪತ್ರಿಕೆಯನ್ನು ಮಡಚಿ ಅಂಗಡಿಗೆ ಒಯ್ಯುತ್ತಿದ್ದ. ಮೆಟ್ಟಿಲಲ್ಲಿ ಸಿಕ್ಕ ಅಕ್ಕಪಕ್ಕದವರು ಅವಳನ್ನು ನೋಡಿ ನಗುತ್ತಿದ್ದರು. ಅವಳು ಅದನ್ನು ಮೆಚ್ಚುಗೆ ಎಂದುಕೊಂಡಿದ್ದಳು.

"ಅಯ್ಯೋ, ಇವರೇ ಅಲ್ವೇನ್ರೀ! ಪೇಪರ್‌ನವರು!"

ಎಲೆಗಳ ಗುಡ್ಡೆಯ ಆಚೆಯಿಂದ ಗಂಡ ಹೆಂಡತಿ ಬರುತ್ತಿದ್ದರು. ಕೂಗಿದ್ದು ಹೆಂಗಸು. ದುಂಡು ಮುಖ, ಕೈಯಲ್ಲಿ ಬುತ್ತಿಚೀಲ, ಕಂಕುಳಲ್ಲಿ ಪತ್ರಿಕೆ. ಹಿಂದೆ ಬಂದ ಗಂಡ ತಾನು ನಿವೃತ್ತ ಬಸ್ ಕಂಡಕ್ಟರ್ ಎಂದು ಪರಿಚಯ ಹೇಳಿಕೊಂಡು ಕನ್ನಡಕದವನ ಕೈ ಕುಲುಕಿದ.

"ನಿಮ್ಮಿಂದ ನಮ್ಮ ಭಾನುವಾರ ಹಾಳಾಯ್ತು ಸಾರ್," ಎಂದ ಕಂಡಕ್ಟರ್. "ಮೊದಲು ಮಧ್ಯಾಹ್ನ ಒಳ್ಳೆ ನಿದ್ದೆ ಮಾಡ್ತಿದ್ದೆ. ಈಗ ಇವಳು ನೀವು ಬರೆದ ಕಡೆಗೆಲ್ಲ ಎಳ್ಕೊಂಡು ಹೋಗ್ತಾಳೆ. ಜೀವಮಾನವಿಡೀ ಬಸ್ಸಲ್ಲೇ ನಿಂತೆ, ಈಗ ದುಡ್ಡು ಕೊಟ್ಟು ನಿಲ್ಲೋದು."

ಕಂಡಕ್ಟರನ ಹೆಂಡತಿ ಅವನ ಮಾತು ಕೇಳಿಸಿಕೊಳ್ಳಲೇ ಇಲ್ಲ. ನೇರ ಹೋಗಿ ಕನ್ನಡಕದವನ ಹೆಂಡತಿಯ ಎರಡೂ ಕೈ ಹಿಡಿದುಕೊಂಡಳು.

"ನೀವೇ ಅಲ್ವಾ 'ನಮ್ಮ ಮನೆಯವಳು'? ಬೀಗದ ತೂತಲ್ಲಿ ಬೆರಳು ಸಿಕ್ಕಿಸ್ಕೊಂಡೋರು! ನಿನ್ನೆ ಓದಿ ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡೆ ಕಣ್ರೀ. ಮೇಣದ ಬೊಂಬೆ ಹತ್ರ ದಾರಿ ಕೇಳಿದ್ದಂತೂ..." ನಗು ಬಂದು ಮಾತು ಅರ್ಧಕ್ಕೆ ನಿಂತಿತು. "ಬೇಜಾರು ಮಾಡ್ಕೋಬೇಡಿ ತಂಗಿ. ನಾನೂ ಅಂಥವಳೇ. ನನ್ನ ಹಾಗೆ ಪೆದ್ದು ಇನ್ನೊಬ್ಬಳು ಊರಲ್ಲಿ ಇದಾಳಲ್ಲ ಅಂತ ಅದೇನೋ ಸಮಾಧಾನ."

ಹೆಂಡತಿ ನಗುತ್ತಿದ್ದಳು. ಗೊತ್ತಿಲ್ಲದವರ ಮುಂದೆ ಮುಖಕ್ಕೆ ಬರುವ ನಗು. ಕನ್ನಡಕದವನು ಮರದ ತೊಗಟೆಯನ್ನು ಪರೀಕ್ಷಿಸಲು ಶುರು ಮಾಡಿದ.

"ಮತ್ತೆ ಗುಡ್ಡದ ಮೇಲೆ, ಕಂಬಿ ಹಿಡ್ಕೊಂಡು ಗೊಳೋ ಅಂತ ಅತ್ಬಿಟ್ರಂತಲ್ಲ, ಕೆಳಗೆ ನೋಡಿ! ನಂಗೂ ಎತ್ತರ ಅಂದ್ರೆ ಕೈಕಾಲು ತಣ್ಣಗಾಗತ್ತೆ."

ಈಗ ಅವಳು ತಿರುಗಿ ಗಂಡನನ್ನು ನೋಡಿದಳು. ಗುಡ್ಡದ ಮೇಲಿನ ಕಟ್ಟೆಯಿಂದ ಊರಿನ ದೊಡ್ಡಾಸ್ಪತ್ರೆಯ ತಾರಸಿ ಕಾಣುತ್ತದೆ. ಅವಳ ಅಕ್ಕ ಸತ್ತಿದ್ದು ಅಲ್ಲಿ. ಅಂದು ಅವಳು ಅತ್ತಿದ್ದು ಗೊಳೋ ಎಂದಲ್ಲ, ಸದ್ದಿಲ್ಲದೆ. ಅವನು ಪಕ್ಕದಲ್ಲೇ ನಿಂತಿದ್ದ, ಭುಜದ ಮೇಲೆ ಕೈ ಇಟ್ಟಿದ್ದ. ಆ ವಾರದ ಬರಹವನ್ನು ಅವಳಿಗೆ ಓದುವಾಗ, ಗುಡ್ಡದಲ್ಲಿ ಕಂಡ ಹಕ್ಕಿಗಳ ಬಗ್ಗೆ ಮಾತ್ರ ಓದಿದ್ದ.

"ಹೌದು," ಎಂದಳು ಹೆಂಡತಿ, ಕಂಡಕ್ಟರನ ಹೆಂಡತಿಯ ಕಡೆಗೆ ತಿರುಗಿ. "ತುಂಬಾ ಎತ್ತರ ಇತ್ತು."

"ಇವತ್ತೇನು ಎಡವಟ್ಟು ಮಾಡಿದ್ರಿ?"

"ಇನ್ನೂ ಇಲ್ಲ. ಟೈಮಿದೆ."

ಇಬ್ಬರೂ ಹೆಂಗಸರು ನಕ್ಕರು. ಕಂಡಕ್ಟರ್, "ಪರವಾಗಿಲ್ಲ, ಬಾಯಿ ಚೆನ್ನಾಗಿದೆ," ಎಂದ. ಕನ್ನಡಕದವನಿಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನಿಸಿತು. ಅವಳು ಅಲ್ಲೇ, ಎಲ್ಲರೆದುರು, ಒಂದು ಮಾತು ಆಡಿದ್ದರೆ ಅವನು ಜಗಳವನ್ನಾದರೂ ಮಾಡಬಹುದಿತ್ತು. ಅವಳು ಅವನ ಮಾನ ಕಾಪಾಡಿದಳು.

ಕಡಲೆಕಾಯಿ ಹಂಚಿದರು. ಕಂಡಕ್ಟರನ ಹೆಂಡತಿ ಬೆಂಚಿನ ಉಳಿದ ಜಾಗದಲ್ಲಿ ಕೂತು ಫೋಟೊ ತೆಗೆಸಿಕೊಂಡಳು. ಹೆಂಗಸರಿಬ್ಬರೂ ಫೋನು ನಂಬರು ಕೊಟ್ಟು ತೆಗೆದುಕೊಳ್ಳುವಾಗ ಅವಳು ಫೋನನ್ನು ಕೈಯುದ್ದಕ್ಕೆ ಹಿಡಿದು ಓದಲು ಒದ್ದಾಡಿದಳು. ಕನ್ನಡಕದವನೊಳಗಿನ ಅಂಗಡಿಯವನು ಸುಮ್ಮನಿರಲಿಲ್ಲ. "ಅಂಗಡಿಗೆ ಬನ್ನಿ, ಕಣ್ಣು ನೋಡ್ತೀನಿ," ಎಂದ. ಬುಧವಾರ ಬರುತ್ತೇನೆ ಎಂದಳು. ಹೊರಡುವಾಗ ಕಂಕುಳಲ್ಲಿದ್ದ ಪತ್ರಿಕೆಯನ್ನು ತೆಗೆದು ಹೆಂಡತಿಯ ಕೈಗಿಟ್ಟಳು. "ಇಟ್ಕೊಳ್ಳಿ. ನಿಮ್ಮದೇ ಕಥೆ."

ಮನೆಗೆ ಹೋಗುವ ಬಸ್ಸಿನಲ್ಲಿ ಹೆಂಡತಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅವಳು ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಆ ಗಾಜುಗಳನ್ನು ಉಜ್ಜಿದ್ದು ಅವನೇ. ಬೆರಳನ್ನು ಸಾಲಿನ ಕೆಳಗಿಟ್ಟು, ಮೊದಲಿನಿಂದ ಕೊನೆಯವರೆಗೆ, ಅವಸರವಿಲ್ಲದೆ ಓದಿದಳು. ಅವನು ಎದುರಿನ ಸೀಟಿನ ಹರಿದ ರೆಕ್ಸಿನ್ನನ್ನು ನೋಡುತ್ತ ಕೂತ. ಎರಡು ನಿಲ್ದಾಣ ದಾಟಿದ ಮೇಲೆ ಅವಳು ಕೇಳಿದಳು:

"ಬೀಗದಲ್ಲಿ ಬೆರಳು ಸಿಕ್ಕಿಹಾಕ್ಕೊಂಡಿದ್ದು ಯಾರ್ದು?"

"ನಂದು."

"ಸೋಪು ಹಚ್ಚಿ ಬಿಡಿಸಿದ್ದು?"

"ನೀನು."

"ಇಲ್ಲಿ ಉಲ್ಟಾ ಇದೆ."

ಅವನು ಸಂಪಾದಕರ ಮಾತು ಹೇಳಿದ. ನಗು ಬೇಕಂತೆ, ಯಾರಾದರೂ ಎಡವಬೇಕಂತೆ.

"ನೀವು ಎಡವಿದ್ರೆ ನಗ್ತಿರ್ಲಿಲ್ವಾ ಜನ? ನಾನು ನಕ್ಕಿದ್ದೆನಲ್ಲ."

ಅಂಗಡಿಗೆ ಬರುವವರು ತನ್ನನ್ನು ಪೆದ್ದ ಎಂದುಕೊಳ್ಳಬಾರದು ಎಂಬುದಷ್ಟೇ ಕಾರಣ. ಅದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ.

"ಹಾಗಾದ್ರೆ ನಂಗೆ ಓದ್ತಿದ್ರಲ್ಲ, ಅದನ್ನ ಎಲ್ಲಿಂದ ಓದ್ತಿದ್ರಿ?"

"ಆಗಿಂದಾಗ್ಲೇ... ಕಟ್ಕೊಂಡು."

"ಪೇಪರ್ ಮುಖದ ಮುಂದೆ ಹಿಡ್ಕೊಂಡು?"

"ಹೂಂ."

"ಒಂದು ಸಲಾನೂ ತಡವರಿಸಲಿಲ್ವಲ್ಲ ರೀ."

ಅದರಲ್ಲಿ ವ್ಯಂಗ್ಯ ಕಡಿಮೆಯಿತ್ತು. ನಿಜಕ್ಕೂ ಅವಳಿಗೆ ಆಶ್ಚರ್ಯವಾಗಿತ್ತು. ಅದೇ ಅವನಿಗೆ ಹೆಚ್ಚು ನೋಯಿತು. ಅವಳು ಪತ್ರಿಕೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು.

"ಅಕ್ಕನ ವಿಷಯ ಗೊತ್ತಿತ್ತಲ್ಲ ನಿಮಗೆ."

"ಗೊತ್ತಿತ್ತು."

"ಗೊತ್ತಿದ್ದೂ."

ಆ ವಾರ ತಾನು ಎಲ್ಲಿಯೂ ಎಡವಿರಲಿಲ್ಲ, ಬರೆಯಲು ತಮಾಷೆಯದೇನೂ ಸಿಕ್ಕಿರಲಿಲ್ಲ ಎಂದು ಅವನು ಹೇಳಬಹುದಿತ್ತು. ನಿಜ ಅದೇ. ಹೇಳಿದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತಿತ್ತು.

ಇಳಿಯುವ ನಿಲ್ದಾಣ ಬಂದಾಗ ಅವಳು ಎದ್ದು ಕಂಬಿ ಹಿಡಿದುಕೊಂಡು ಹೇಳಿದಳು: "ಪೇಪರ್‌ನಲ್ಲಿ ಏನು ಬೇಕಾದ್ರೂ ಬರ್ಕೊಳ್ಳಿ. ಆದ್ರೆ ಆಯಮ್ಮ ಬುಧವಾರ ಬಂದಾಗ ಅವರಿಗೆ ನಿಜ ಹೇಳಿ. ನನ್ನ ಕೈ ಹಿಡ್ಕೊಂಡು ತಂಗಿ ಅಂದ್ರು ಅವರು. ಅವರೊಬ್ಬರಿಗಾದ್ರೂ ಹೇಳಿ."

ಕಂಡಕ್ಟರನ ಹೆಂಡತಿ ಹೇಳಿದಂತೆ ಬುಧವಾರ ಬಂದಳು. ಕನ್ನಡಕದವನು ಅವಳನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಪರೀಕ್ಷೆಯ ಭಾರದ ಚೌಕಟ್ಟನ್ನು ಮೂಗಿನ ಮೇಲಿಟ್ಟು, ಒಂದು ಕಣ್ಣನ್ನು ಕಪ್ಪು ಬಿಲ್ಲೆಯಿಂದ ಮುಚ್ಚಿದ. ಗೋಡೆಯ ಅಕ್ಷರಗಳನ್ನು ಓದಲು ಹೇಳಿದ. ಅವಳು ದೊಡ್ಡ ಅಕ್ಷರಗಳನ್ನು ಜೋರಾಗಿ, ಸಣ್ಣ ಅಕ್ಷರಗಳನ್ನು ಊಹಿಸಿ ಓದಿದಳು. ಬಿಲ್ಲೆ ಬದಲಿಸುತ್ತ ಅವನು ಬೆಳಗಿನಿಂದ ಉರುಹೊಡೆದಿದ್ದನ್ನು ಹೇಳಿದ. ಅವಳಿಗೆ ತನ್ನ ಮುಖ ಸರಿಯಾಗಿ ಕಾಣದ ಹೊತ್ತು ನೋಡಿಯೇ ಹೇಳಿದ.

"ಅಮ್ಮ, ಆ ಮೇಣದ ಬೊಂಬೆ ಹತ್ರ ದಾರಿ ಕೇಳಿದ್ದು ನಾನು. ಬೀಗದಲ್ಲಿ ಬೆರಳು ಹೋಗಿದ್ದೂ ನಂದೇ. ಅವಳಲ್ಲ. ನಾನು ಅವಳ ಮೇಲೆ ಹಾಕಿ ಬರೆದೆ."

ಕಂಡಕ್ಟರನ ಹೆಂಡತಿ ಚೌಕಟ್ಟು ಕುಣಿಯುವಷ್ಟು ನಕ್ಕಳು.

"ಮನೇಲಿ ಬೈದ್ರಾ? ನಾನು ಬಾಯಿ ಹರಿಬಿಟ್ಟೆ ಅಂತ ಆವತ್ತೇ ನಮ್ಮೋರು ಹೇಳಿದ್ರು. ಬಿಡಿ, ನಾನೇನೂ ತಪ್ಪು ತಿಳ್ಕೊಳ್ಳಲ್ಲ."

"ಇಲ್ಲಮ್ಮ, ನಿಜ. ಗುಡ್ಡದ ಮೇಲೂ ಅಷ್ಟೇ. ಎತ್ತರಕ್ಕಲ್ಲ ಅವಳು ಅತ್ತಿದ್ದು. ಅಲ್ಲಿಂದ ಆಸ್ಪತ್ರೆ ಕಾಣತ್ತೆ. ಅವಳ ಅಕ್ಕ ತೀರ್ಕೊಂಡಿದ್ದು ಅಲ್ಲೇ."

ನಗು ನಿಂತಿತು. ಅವಳು ಕಪ್ಪು ಬಿಲ್ಲೆಯಿಲ್ಲದ ಕಣ್ಣಿನಿಂದ ಅವನನ್ನು ದಿಟ್ಟಿಸಿದಳು.

"ಇಂಥದ್ದಕ್ಕೆಲ್ಲ ಸತ್ತವರನ್ನ ಎಳೀಬಾರ್ದಪ್ಪ," ಎಂದಳು ಮೆಲ್ಲಗೆ. "ಹೆಂಡ್ತಿ ಮರ್ಯಾದೆ ಉಳಿಸ್ಬೇಕು, ಸರಿ. ತಪ್ಪೆಲ್ಲ ನೀವು ಹೊತ್ಕೊಳ್ತಿದೀರ, ಅದೂ ಸರಿ. ನಮ್ಮನೇಲೊಬ್ರಿದಾರೆ, ತಮ್ಮ ಚಪ್ಪಲಿ ಕಳೆದ್ರೂ ನನ್ನೇ ಬೈತಾರೆ. ಎಂಥಾ ಗಂಡ ರೀ ನೀವು! ಆಯಮ್ಮ ಪುಣ್ಯ ಮಾಡಿದ್ದಳು."

ಅವನು ಇನ್ನೊಂದು ಸಲ ಹೇಳಬಹುದಿತ್ತು. ಸ್ಟೂಲು ಎಳೆದುಕೊಂಡು ಎದುರು ಕೂತು, ಮೊದಲಿನಿಂದ ಬಿಡಿಸಿ ಹೇಳಿದ್ದರೆ ಅವಳು ನಂಬುತ್ತಿದ್ದಳು. ಪೆದ್ದಿ ಎಂದು ತಾನೇ ಹೇಳಿಕೊಂಡರೂ ಅವಳು ಪೆದ್ದಿಯಾಗಿರಲಿಲ್ಲ. ಆದರೆ 'ಎಂಥಾ ಗಂಡ' ಎಂದಾಗ ಅವನಿಗೆ ಹಿತವಾಯಿತು. ಎದೆಯೊಳಗೆ ಬೆಚ್ಚಗೆ ಏನೋ ಇಳಿಯಿತು. ಅದು ಇಳಿಯುತ್ತಿರುವಾಗಲೇ ತಾನು ಎಂಥವನು ಎಂದು ಅವನಿಗೆ ಕಂಡಿತು. ಪತ್ರಿಕೆಯಲ್ಲಿ ಬರೆದಾಗ, ಶನಿವಾರ ಓದಿದಾಗ, ಬಸ್ಸಿನಲ್ಲಿ ಕೂತಾಗ ಕೂಡ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ಬಿಲ್ಲೆಯನ್ನು ಇನ್ನೊಂದು ಕಣ್ಣಿಗೆ ಹಾಕಿ, "ಈಗ ಈ ಸಾಲು ಓದಿ," ಎಂದ.

ಸಂಜೆ ಮನೆಯಲ್ಲಿ ಹೆಂಡತಿ ಯಾವುದೋ ಹೋಟೆಲಿನ ಕಂದು ಪರದೆಯನ್ನು ಮಂಚದ ಮೇಲೆ ಹರಡಿ ಅಂಚು ಮಡಚುತ್ತಿದ್ದಳು. ಅವನು ಚಪ್ಪಲಿ ಬಿಡುವಾಗಲೇ ಕೇಳಿದಳು.

"ಬಂದಿದ್ರಾ?"

"ಬಂದಿದ್ರು."

"ಹೇಳಿದ್ರಾ?"

"ಹೇಳಿದೆ. ನಂಬಲಿಲ್ಲ. ನಿನ್ನ ಮರ್ಯಾದೆ ಉಳಿಸೋಕೆ ಹೇಳ್ತಿದೀನಿ ಅಂದ್ಕೊಂಡ್ರು. ಅಕ್ಕನ ವಿಷಯ ಹೇಳಿದ್ದಕ್ಕೆ ಬೈದ್ರು, ಸತ್ತವರನ್ನ ಎಳೀಬೇಡಿ ಅಂತ. ಆಮೇಲೆ, ಎಂಥಾ ಗಂಡ, ನೀನು ಪುಣ್ಯ ಮಾಡಿದ್ದೆ ಅಂದ್ರು."

"ನೀವೇನಂದ್ರಿ?"

"ಸುಮ್ಮನಾದೆ."

"ಯಾಕೆ?"

"ಕೇಳೋಕೆ ಚೆನ್ನಾಗಿತ್ತು."

ಸೂಜಿ ಬಟ್ಟೆಯಲ್ಲಿ ಅರ್ಧಕ್ಕೆ ನಿಂತಿತು. ಅವಳು ತಲೆಯೆತ್ತಿ ಅವನ ಮುಖವನ್ನು, ಆಮೇಲೆ ಅವನ ಖಾಲಿ ಕೈಗಳನ್ನು ನೋಡಿದಳು.

"ಅವರು ನಿಜವಾಗ್ಲೂ ಹಾಗಂದ್ರಾ," ಎಂದಳು, "ಇಲ್ಲಾ ಇದನ್ನೂ ಓದ್ತಿದೀರಾ?"

"ಹಾಗೇ ಅಂದ್ರು. ಆಣೆಗೂ."

ಮದುವೆಯಾದ ಮೇಲೆ ಅವನು ಇಷ್ಟು ಪೂರ್ತಿಯಾಗಿ ನಿಜ ಹೇಳಿದ್ದು ಇದೇ ಇರಬೇಕು. ಆ ನಿಜ ಅವನ ಬಾಯಿಯಲ್ಲೇ ಸುಳ್ಳಿನ ಹಾಗೆ ಕೇಳಿಸಿತು. ಅವಳು ಮತ್ತೆ ಹೊಲಿಯತೊಡಗಿದಳು.

"ಇರಲಿ. ಭಾನುವಾರ ನಾನೇ ಅವರನ್ನ ಕೇಳ್ತೀನಿ. ಫೋನು ಮಾಡಿದ್ರು, ಕೆರೆ ಕಡೆ ಹೋಗೋಣ ಅಂತ. ನಾವಿಬ್ರೇ."

"ನಾನು?"

"ನೀವು ಮನೇಲಿರಿ." ದಾರವನ್ನು ಹಲ್ಲಿನಿಂದ ಕಡಿದಳು. "ಬಂದು ಏನೇನಾಯ್ತು ಅಂತ ಹೇಳ್ತೀನಿ. ಬೇಕಾದ್ರೆ ಬರ್ಕೊಳ್ಳಿ."