ಇಪ್ಪತ್ತು ವರ್ಷದ ಹಾಸಿಗೆ

ಸಂಜಯನಗರದ ಮುಖ್ಯರಸ್ತೆಯಲ್ಲಿ ದಸ್ತಗೀರ್ ಸಾಬರ ಹಾಸಿಗೆ ಅಂಗಡಿ ಇತ್ತು. ಮಧ್ಯಾಹ್ನ ಅವರು ಹತ್ತಿ ಹಿಂಜುವ ಯಂತ್ರ ಹಾಕಿದರೆಂದರೆ ಬೂರುಗದ ಹತ್ತಿಯ ಎಳೆಗಳು ಎದ್ದು, ಬಾಗಿಲಿನ ಬಿಸಿಲಲ್ಲಿ ಬಹಳ ಹೊತ್ತು ತೇಲಿ, ಯಾವ ಅವಸರವೂ ಇಲ್ಲದೆ ಕೆಳಗಿಳಿಯುತ್ತಿದ್ದವು. ಅಂಗಡಿಯ ಮುಂದೆ ಹೂ ಕಟ್ಟುತ್ತ ಕೂರುವ ಮುನಿಯಲ್ಲಮ್ಮನ ಬುಟ್ಟಿಯ ಮೇಲೂ ಒಂದಿಷ್ಟು ಬಂದು ಕೂರುತ್ತಿದ್ದವು. ಅವಳು ಬೈಯುತ್ತಲೇ ಒಂದೊಂದಾಗಿ ಆರಿಸಿ ಊದಿಬಿಡುತ್ತಿದ್ದಳು.

2014ರ ಬೇಸಿಗೆಯಲ್ಲಿ ಎದುರುಗಡೆ ಹೊಸ ಅಂಗಡಿ ಬಂತು. ಅಲ್ಲಿ ಫೋಮ್ ಹಾಸಿಗೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚಾಪೆಯ ಹಾಗೆ ನಿಲ್ಲಿಸಿದ್ದರು. ಸಾಬರ ಹಾಸಿಗೆಯ ಕಾಲುಭಾಗದ ಬೆಲೆ, ಜೊತೆಗೆ ಎರಡು ದಿಂಬು ಪುಕ್ಕಟೆ. ಜನ ಮೊದಲು ಸಾಬರಲ್ಲಿಗೇ ಬರುತ್ತಿದ್ದರು. ಹಾಸಿಗೆಯನ್ನು ಅಂಗೈಯಿಂದ ಒತ್ತಿ, "ಚೆನ್ನಾಗಿದೆ ಸಾಬ್ರೇ" ಎಂದು ಮನಸಾರೆ ಹೇಳಿ, ರಸ್ತೆ ದಾಟಿ ಹೋಗಿಬಿಡುತ್ತಿದ್ದರು.

ಸಾಬರಿಗೆ ಸಿಟ್ಟು ಬರಲಿಲ್ಲ, ಆದರೆ ಅರ್ಥವೂ ಆಗಲಿಲ್ಲ. ಒಂದೇ ವರ್ಷಕ್ಕೆ ನಡು ಕುಸಿಯುವ ಸಾಮಾನು ಅದು ಎಂದು ಕೊಳ್ಳುವವರಿಗೂ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಕೊಳ್ಳುತ್ತಾರೆ?

ಒಂದು ಶನಿವಾರ ಮಧ್ಯಾಹ್ನ ಪದ್ಮಶ್ರೀ ಎಂಬ ಹೆಂಗಸು ಬಂದಳು. ಹತ್ತಿರದ ಶಿಶುವಿಹಾರದಲ್ಲಿ ಟೀಚರ್. ಗಂಡ ಶಿವರಾಮ್ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದ. ಮಗಳು ಹರ್ಷಿತಾಗೆ ಆರು ವರ್ಷ ಎಂದು ತಾನೇ ಹೇಳಿಕೊಂಡಳು. ಬೆನ್ನುನೋವೆಂದು ಸೊಂಟ ಹಿಡಿದುಕೊಂಡೇ ಹಾಸಿಗೆಗಳನ್ನು ಮುಟ್ಟಿ ನೋಡಿದಳು.

"ಕೈಯಲ್ಲಿ ಮುಟ್ಟಿದ್ರೆ ಏನ್ ಗೊತ್ತಾಗುತ್ತಮ್ಮಾ? ಒಂದೈದು ನಿಮಿಷ ಮಲ್ಕೊಂಡು ನೋಡಿ," ಎಂದರು ಸಾಬರು.

ಅವಳು ಸಂಕೋಚದಿಂದ ರಸ್ತೆಯ ಕಡೆ ನೋಡಿದಳು. "ಮಲ್ಕೊಳವ್ವ, ನಾ ಇಲ್ಲೇ ಕುಂತಿವ್ನಿ. ಯಾರ್ ಬತ್ತಾರೆ ಇಲ್ಲಿ?" ಎಂದಳು ಮುನಿಯಲ್ಲಮ್ಮ. ಸಾಬರು ಬಾಗಿಲ ಪರದೆಯನ್ನು ಅರ್ಧ ಎಳೆದರು.

ಪದ್ಮಶ್ರೀ ಚಪ್ಪಲಿ ಬಿಟ್ಟು ಮಲಗಿದಳು. ಯಂತ್ರದ ಸದ್ದು ದೂರದ ರೈಲಿನಂತೆ ಕೇಳಿ, ಆಮೇಲೆ ಅದೂ ಕರಗಿತು. ಕನಸಿನಲ್ಲಿ ಅವಳು ಒಂದು ಮನೆಯೊಳಗೆ ನಡೆಯುತ್ತಿದ್ದಳು. ಅಡುಗೆಮನೆ ಗಂಗಾನಗರದಲ್ಲಿದ್ದಾಗಿನದು, ಅದರ ಬಾಗಿಲು ತೆಗೆದರೆ ಕೆಂಪಾಪುರದ ಮನೆಯ ಬಾಲ್ಕನಿ, ಅಲ್ಲಿಂದ ಎರಡು ಮೆಟ್ಟಿಲು ಇಳಿದರೆ ಯಲಹಂಕದ ಹಿತ್ತಿಲು, ಅವಳೇ ನೆಟ್ಟು ಬಿಟ್ಟುಬಂದಿದ್ದ ಕರಿಬೇವಿನ ಗಿಡ. ಬಿಟ್ಟ ಮನೆಗಳೆಲ್ಲ ಒಂದಕ್ಕೊಂದು ಸೇರಿಕೊಂಡು ಒಂದೇ ಮನೆಯಾಗಿದ್ದವು. ಎಲ್ಲ ಕೋಣೆಗಳಲ್ಲೂ ಹತ್ತಿ ಮೆಲ್ಲಗೆ ಉದುರುತ್ತಿತ್ತು. ಯಾರೂ ಬಾಗಿಲು ತಟ್ಟಲಿಲ್ಲ.

ಎದ್ದಾಗ ಮೂರು ಗಂಟೆ ದಾಟಿತ್ತು. ಯಂತ್ರ ನಿಂತಿತ್ತು. ಅವಳ ನಿದ್ದೆ ಕೆಡಬಾರದೆಂದು ಸಾಬರು ಅದನ್ನು ಆರಿಸಿ, ಹೊರಗೆ ಕಲ್ಲಿನ ಮೇಲೆ ಕೂತು ದಬ್ಬಳಕ್ಕೆ ದಾರ ಪೋಣಿಸುತ್ತಿದ್ದರು.

"ಅಯ್ಯೋ, ಎಬ್ಬಿಸ್ಬಾರದಿತ್ತಾ ಸಾಬ್ರೇ?"

"ಅಷ್ಟು ಚೆನ್ನಾಗಿ ಮಲಗಿದ್ರಿ. ಹೆಂಗಮ್ಮಾ ಎಬ್ಬಿಸೋದು?"

"ಎಷ್ಟು ದಿನ ಬರುತ್ತೆ ಇದು?"

"ಇಪ್ಪತ್ತು ವರ್ಷ ಏನೂ ಆಗಲ್ಲ. ನಾಲ್ಕು ವರ್ಷಕ್ಕೊಂದ್ಸಲ ತನ್ನಿ, ಹತ್ತಿ ಹಿಂಜಿ ಹೊಸದು ಮಾಡ್ಕೊಡ್ತೀನಿ. ನಿಮ್ ಮಗಳಿಗೆ ಮದ್ವೆ ಆದ್ಮೇಲೂ ಇರುತ್ತೆ."

ಪದ್ಮಶ್ರೀಯ ಮುಖ ಸಣ್ಣಗಾಯಿತು. ಯಜಮಾನರನ್ನು ಕರೆದುಕೊಂಡು ಬರುತ್ತೇನೆಂದು ಹೇಳಿ ಹೋದಳು. ಮರುದಿನ ಸಂಜೆ ಗಂಡನೊಡನೆ ಬಂದಳು, ಆದರೆ ಎದುರಿನ ಅಂಗಡಿಗೆ. ಸುತ್ತಿದ ಫೋಮ್ ಹಾಸಿಗೆಯನ್ನು ಆಟೋದೊಳಗೆ ತುರುಕುವಾಗ ಅವಳ ಕಣ್ಣು ಸಾಬರ ಕಣ್ಣಿಗೆ ಸಿಕ್ಕಿತು. ಅವಳು ತಲೆ ತಗ್ಗಿಸಿದಳು.

ವಾರ ಕಳೆದು ಮುನಿಯಲ್ಲಮ್ಮನಲ್ಲಿ ಹೂ ಕೊಳ್ಳಲು ಬಂದವಳನ್ನು ಸಾಬರೇ ಮಾತಾಡಿಸಿದರು. "ತಪ್ಪು ತಿಳ್ಕೋಬೇಡಿಯಮ್ಮಾ. ವ್ಯಾಪಾರಕ್ಕೆ ಕೇಳ್ತಿಲ್ಲ. ಇಲ್ಲಿ ಮಗು ಥರ ನಿದ್ದೆ ಮಾಡಿದ್ರಿ. ಆಮೇಲೂ ಅದನ್ನೇ ಯಾಕೆ ತಗೊಂಡ್ರಿ?"

ಅವಳು ಮೊಳ ಮಲ್ಲಿಗೆಯನ್ನು ಕೈಯಲ್ಲಿ ಸುತ್ತಿಕೊಳ್ಳುತ್ತ ನಿಂತಳು.

"ದುಡ್ಡು ಅಷ್ಟೇ ಅಲ್ಲ ಸಾಬ್ರೇ. ಹೊಂದಿಸ್ಬಹುದಿತ್ತು. ಮದ್ವೆಯಾಗಿ ಒಂಬತ್ತು ವರ್ಷಕ್ಕೆ ಏಳು ಮನೆ ಬದಲಾಯ್ಸಿದೀವಿ. ಹನ್ನೊಂದು ತಿಂಗಳ ಬಾಡಿಗೆ ಅಗ್ರಿಮೆಂಟ್ ಮುಗಿದ್ರೆ ಓನರ್ ಮುಖ ನೋಡ್ತಾ ಕೂರ್ಬೇಕು, ಇರು ಅಂತಾರೋ ಹೋಗು ಅಂತಾರೋ ಅಂತ. ಈಗಿರೋದು ಮೂರನೇ ಮಹಡಿ, ಮೆಟ್ಲು ಇಷ್ಟೇ ಅಗಲ. ನೀವು ಇಪ್ಪತ್ತು ವರ್ಷ ಅಂದ್ರಲ್ಲಾ, ಖುಷಿಯಾಗ್ಬೇಕಿತ್ತು, ಭಯ ಆಯ್ತು. ಇಪ್ಪತ್ತು ವರ್ಷ ಇರೋ ವಸ್ತು ಇಟ್ಕೊಳ್ಳೋಕೆ ನನಗೆಲ್ಲಿದೆ ಜಾಗ? ಆ ಫೋಮ್ ಆದ್ರೆ ಬಿಟ್ಟು ಹೋಗ್ಬಹುದು. ಹೊಟ್ಟೆ ಉರಿಯಲ್ಲ."

ಸಾಬರು ಇಷ್ಟು ದಿನ ಜನ ಜಿಪುಣರಾದರು, ಇಲ್ಲವೇ ಮೋಸಹೋಗುತ್ತಿದ್ದಾರೆ ಎಂದುಕೊಂಡಿದ್ದರು. ಮೂವತ್ತು ವರ್ಷದಿಂದ ಹೆಮ್ಮೆಯಿಂದ ಹೇಳುತ್ತ ಬಂದ ಮಾತು ಯಾರನ್ನಾದರೂ ಹೆದರಿಸಬಹುದೆಂದು ಅವರಿಗೆ ಹೊಳೆದಿರಲಿಲ್ಲ.

ಅಂದಿನಿಂದ ರಸ್ತೆ ದಾಟುವವರನ್ನು ಅವರು ಬೇರೆ ಥರ ನೋಡತೊಡಗಿದರು. ಹಾಸಿಗೆ ಒತ್ತಿ ನೋಡಿ ಹೊರಟವರ ಹಿಂದೆಯೇ ಮನಸ್ಸಿನಲ್ಲಿ ನಡೆದು ಹೋಗಿ, ಅವರ ಮನೆಯ ಕಿರಿದಾದ ಮೆಟ್ಟಿಲು ಹತ್ತಿ, ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಗಳ ನಡುವೆ ಒಂದು ನಿಮಿಷ ಕೂತು ಬರುತ್ತಿದ್ದರು. ಯಾರಾದರೂ ಎಷ್ಟು ದಿನ ಬರುತ್ತದೆಂದು ಕೇಳಿದರೆ, "ನೀವು ಇಟ್ಕೊಳ್ಳೋವಷ್ಟು ದಿನ," ಎನ್ನುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಮೂರು ತುಂಡಿನ ಒಂದು ಹಾಸಿಗೆ ಹೊಲಿದರು. ಪಕ್ಕಪಕ್ಕ ಹಾಸಿ ಲಾಡಿ ಬಿಗಿದರೆ ಒಂದೇ ಹಾಸಿಗೆ. ಬಿಚ್ಚಿದರೆ ಒಬ್ಬರು ಒಂದೊಂದನ್ನು ಬಗಲಲ್ಲಿ ಎತ್ತಿಕೊಂಡು ಮೆಟ್ಟಿಲಿಳಿಯಬಹುದು. ಪದ್ಮಶ್ರೀಗೆ ತೋರಿಸಿದಾಗ ಅವಳು ತುಂಬ ಹೊತ್ತು ಲಾಡಿಗಳನ್ನು ಬಿಚ್ಚಿ ಕಟ್ಟಿ ಮಾಡಿದಳು. ಪುಕ್ಕಟೆ ಬೇಡವೆಂದು ಹಟ ಹಿಡಿದು, ಬೆಲೆ ಕೊಟ್ಟೇ ತೆಗೆದುಕೊಂಡಳು. ಅಂಥದ್ದೇ ಬೇಕೆಂದು ಆಮೇಲೆ ಇಬ್ಬರೋ ಮೂವರೋ ಬಂದರು. ಉಳಿದವರು ಎಂದಿನಂತೆ ರಸ್ತೆ ದಾಟಿದರು.

ಮರುವರ್ಷ ಮಾರ್ಚಿನಲ್ಲಿ ಪದ್ಮಶ್ರೀ ಇದ್ದ ಮನೆಯ ಓನರ್‌ಗೆ ಮಗನಿಗೆಂದು ಮನೆ ಬೇಕಾಯಿತು. ಶಿವರಾಮ್ ಕೊಡಿಗೇಹಳ್ಳಿಯಲ್ಲಿ ಇನ್ನೊಂದನ್ನು ಹುಡುಕಿದ. ಬೆಳಿಗ್ಗೆ ಲಗೇಜ್ ಆಟೋಗೆ ಸಾಮಾನು ಹೇರಿ ಅವನು ಮುಂದೆ ಡ್ರೈವರ್ ಪಕ್ಕ ಕೂತ. ಹಿಂದೆ ಪಾತ್ರೆ ಮೂಟೆಗಳ ನಡುವೆ ಮೂರು ತುಂಡು ಹಾಸಿಗೆಯನ್ನು ಒಂದರ ಮೇಲೊಂದು ಹಾಕಿ ತಾಯಿ ಮಗಳು ಹತ್ತಿದರು. ಹರ್ಷಿತಾ ಅಲ್ಲೇ ಉರುಳಿ ನಿದ್ದೆಹೋದಳು. ಹೆಬ್ಬಾಳದ ಫ್ಲೈಓವರ್ ಏರುವಾಗ ಪದ್ಮಶ್ರೀಯೂ ಅವಳ ಪಕ್ಕ ಮೆಲ್ಲಗೆ ಒರಗಿದಳು. ವಾಹನಗಳ ಸದ್ದು ಕೆಳಗೆಲ್ಲೋ ಉಳಿಯಿತು. ಕೆರೆಯ ಕಡೆಯಿಂದ ಬಿಳಿ ಹಕ್ಕಿಗಳ ಸಾಲೊಂದು ಬಂದು, ಸ್ವಲ್ಪ ದೂರ ಅವರ ಮೇಲೆಯೇ ಹಾರುತ್ತಿತ್ತು.

ಮಗಳು ಕಣ್ಣು ತೆರೆಯದೆ ಕೇಳಿದಳು: "ಅಮ್ಮಾ, ಮನೆ ಬಂತಾ?"

"ಇನ್ನೂ ಇಲ್ಲ ಚಿನ್ನಾ," ಎಂದು ಪದ್ಮಶ್ರೀ ಅವಳಿಗೆ ಸೆರಗು ಹೊದಿಸಿದಳು. "ಮಲ್ಕೋ."