ಹಲ್ಕೀಬಾಯಿಯ ಹೊಲದ ಸುಡದ ಅಂಚು

ಗೋಧಿ ಹಸನು ಮಾಡುತ್ತ ಕೂತಿದ್ದೆವು. ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಡಬ್ಬಕ್ಕೆ ಸುರಿಯುವ ಕೆಲಸ. ನಮ್ಮ ಮಹಿಳಾ ಸಂಘದ ಕಾರ್ಯದರ್ಶಿ ಸಮೋತಿಯ ಸೆರಗಿನ ಗಂಟಿನಲ್ಲಿ ಮೂರು ವಾರದಿಂದ ಒಂದು ಕಾಗದ ಇತ್ತು. “ಈ ಸಲ ನಮ್ಮ ಹೊಲಗಳಲ್ಲಿ ಗೋಧಿ ಕೂಳೆ ಸುಡುವುದಿಲ್ಲ. ಕೂಳೆಯ ನಡುವೆಯೇ ಹೆಸರುಕಾಳು ಬಿತ್ತುವ ಯಂತ್ರ ಕಳಿಸಿ” ಎಂದು ಕೃಷಿ ಕಚೇರಿಗೆ ಬರೆದದ್ದು. ಹದಿಮೂರು ಹೆಂಗಸರಲ್ಲಿ ಹನ್ನೆರಡು ಜನರ ಸಹಿ ಬಿದ್ದಿತ್ತು. ಉಳಿದವಳು ಹಲ್ಕೀಬಾಯಿ. ಶನಿವಾರದೊಳಗೆ ಕಾಗದ ತಲುಪದಿದ್ದರೆ ಯಂತ್ರ ಬೇರೆ ಊರಿಗೆ. ನಮಗೆ ಬೆಂಕಿಕಡ್ಡಿಯೇ ಗತಿ. ಹೋದ ವರ್ಷ ಅಂಥ ಬೆಂಕಿ ಗಾಳಿಗೆ ಹಾರಿ ಎರಡು ಕೊಟ್ಟಿಗೆ ತಿಂದಿತ್ತು.

“ಕೈ ಎತ್ತಿಸಿ ಮುಗಿಸೋಣ ಜಿಜ್ಜಿ,” ಎಂದಳು ನನ್ನನ್ನು ಅಕ್ಕನೆಂದೇ ಕರೆಯುವ ಸಮೋತಿ. “ಹನ್ನೆರಡು ಜನ ಒಪ್ಪಿದ್ದೀವಿ. ಇನ್ನೇನು ಕಾಯೋದು?”

“ಒಬ್ಬಳು ಕಡ್ಡಿ ಗೀರಿದ್ರೂ ಹನ್ನೆರಡು ಹೊಲ ಉರಿಯುತ್ತೆ ಕಣೆ. ಕಾಯಬೇಕು,” ಎಂದೆ.

ಈ ಕಾಯುವ ಪದ್ಧತಿ ನಮಗೆ ಬಂದದ್ದು ನರ್ಮದೆಯ ದಂಡೆಯ ಕ್ವೇಕರರೆಂಬ ಕ್ರೈಸ್ತ ಪಂಥದವರ ಫಾರಂನಿಂದ. ರೈತರಿಗೆ ಮಾಡಿ ತೋರಿಸಲೆಂದೇ ಅವರು ಬೇಸಾಯಕ್ಕಿಳಿದವರು. ಪ್ರಾರ್ಥನೆ ಎಂದರೆ ಅವರಿಗೆ ಸುಮ್ಮನೆ ಕೂರುವುದು. ಊರವರು ಮೌನಿಗಳ ಫಾರಂ ಎಂದೇ ಕರೆದರು. ಯಾವ ತೀರ್ಮಾನಕ್ಕೂ ಅಲ್ಲಿ ಕೈ ಎಣಿಸುತ್ತಿರಲಿಲ್ಲ. ಎಲ್ಲರೂ ಒಪ್ಪುವ ತನಕ ಕಾಯುತ್ತಿದ್ದರು. ಮೊದಮೊದಲು ಅವರೂ ಚೀಲಗಟ್ಟಲೆ ಸರ್ಕಾರಿ ಗೊಬ್ಬರ ಹಾಕಿ ಆಳವಾಗಿ ಉತ್ತರು. ಮಣ್ಣು ಬಿರುಸಾದಾಗ ತಪ್ಪಾಯಿತೆಂದು ಊರ ಮುಂದೆಯೇ ಒಪ್ಪಿಕೊಂಡು, ಸುಡುವುದು ಬಿಟ್ಟು, ಹುಲ್ಲನ್ನು ಹೊಲಕ್ಕೇ ಹಾಸತೊಡಗಿದರು.

“ಮೌನಿಗಳ ಕಥೆ ನನಗೇ ಹೇಳ್ಬೇಡ,” ಎಂದು ಹಲ್ಕೀಬಾಯಿ ಮೊರ ಕುಟ್ಟಿದಳು. “ನಮ್ಮನೆಯವರು ಅವರಿಗೆ ಉಪಕಾರ ಮಾಡೋಕೆ ಹೋಗಿ ಊರಿಗೆಲ್ಲ ನಗೆಪಾಟಲಾದರು.”

ಅದು ನಿಜ. ಹೊಲದ ತುಂಬ ಹುಲ್ಲು ಬಿದ್ದದ್ದು ಕಂಡು ಅವಳ ಗಂಡ ಗಿರಧಾರಿ, ಪಾಪ, ಇವರಿಗೆ ಆಳು ಸಿಗಲಿಲ್ಲವೇನೋ ಎಂದು, ಅವರು ಭಾನುವಾರ ಮೌನ ಕೂತಾಗ ತಾನೇ ಬೆಂಕಿ ಹಚ್ಚಿದ್ದ. ಅರ್ಧ ಹೊಲ ಉರಿಯಿತು. ಅವರು ಬೈಯಲಿಲ್ಲ, ಠಾಣೆಗೂ ಹೋಗಲಿಲ್ಲ. ಎರಡು ಅರ್ಧಕ್ಕೂ ಒಂದೇ ಬೀಜ ಬಿತ್ತಿ, ನಡುವೆ ಗೂಟ ನೆಟ್ಟು, ಬಂದವರು ನೋಡಿಕೊಳ್ಳಲಿ ಎಂದು ಬಿಟ್ಟರು. ಸುಟ್ಟ ಕಡೆ ನೆಲ ಬಿರಿಯಿತು. ಹುಲ್ಲಿದ್ದ ಕಡೆ ಪೈರು ಎದೆಮಟ್ಟ ಬಂತು.

“ಬೂದೀನೂ ಗೊಬ್ಬರವೇ,” ಎಂದಳು ಹಲ್ಕೀಬಾಯಿ.

“ಬೂದಿ ಮೊದಲ ಗಾಳಿಗೇ ಪಕ್ಕದ ಹೊಲಕ್ಕೆ ಹೋಗುತ್ತೆ ಕಾಕಿ,” ಎಂದಳು ಸಮೋತಿ. “ನಿಮ್ಮ ಪಾಲಿಗೆ ಸತ್ತ ಎರೆಹುಳ.”

“ನಿನ್ನ ನಾಲಿಗೇನೂ ಒಂದಿಷ್ಟು ಸುಟ್ಟರೆ ಊರಿಗೆ ಕ್ಷೇಮ.”

ಎಲ್ಲರೂ ನಕ್ಕರು. ಮತ್ತೆ ಮೊರ ಹಿಡಿದೆವು. ಅರ್ಧ ಮೂಟೆ ಗೋಧಿ ಹಸನಾಯಿತು.

“ನಮ್ಮ ಹೊಲದ ಬೇಲಿ ಅಂಚಿಗೆ ಎರಡು ಮಾರು ಜಾಗ,” ಎಂದಳು ಹಲ್ಕೀಬಾಯಿ, ಗೋಧಿಯಿಂದ ಕಣ್ಣು ತೆಗೆಯದೆ. “ಆ ಬೆಂಕಿ ಆದಮೇಲೆ ನಮ್ಮನೆಯವರು ಅಲ್ಲಿ ಒಂದು ವರ್ಷವೂ ಸುಡಲಿಲ್ಲ. ಕೇಳಿದ್ರೆ, ಲಾವಕ್ಕಿ ಮೊಟ್ಟೆ ಇಡುತ್ತೆ ಅಂತಿದ್ರು. ಅವರು ತೀರಿಕೊಂಡ ಮೇಲೆ ನನಗೂ ಸುಡೋಕೆ ಮನಸ್ಸು ಬರಲಿಲ್ಲ.”

“ಮೊಟ್ಟೆ ಕಂಡೆಯಾ?” ಎಂದೆ.

“ಎಲ್ಲೀದು!”

ಗುದ್ದಲಿ ಹಿಡಿದು ಅವಳ ಹೊಲಕ್ಕೆ ಹೋದೆವು. ನಡು ಹೊಲದಲ್ಲಿ ಅಗೆದರೆ ಹೆಂಟೆ ಕಲ್ಲಿನಂತೆ ಎದ್ದಿತು. ಬೇಲಿ ಅಂಚಿಗೆ ಗುದ್ದಲಿ ತಾನೇ ಇಳಿಯಿತು. ಕರಿಮಣ್ಣು ತೇವವಾಗಿತ್ತು, ಎರೆಹುಳ ಹೊರಳಿತು. ಹಲ್ಕೀಬಾಯಿ ಒಂದು ಹಿಡಿ ಎತ್ತಿ ಉಂಡೆ ಕಟ್ಟಿ ನೋಡಿದಳು.

“ಗೊತ್ತಿತ್ತು ಅವರಿಗೆ,” ಎಂದಳು. “ಲಾವಕ್ಕಿ ಬರೀ ನೆಪ. ನನಗೂ ಹೇಳಲಿಲ್ಲ ನೋಡು, ಬಿಗುಮಾನದ ಮನುಷ್ಯ.” ಕೈ ಒರೆಸಿಕೊಂಡು ಸಮೋತಿಯತ್ತ ಚಾಚಿದಳು. “ಕೊಡು ಆ ಕಾಗದ.”

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಮ್ಮ ಮಾತು ನಂಬಬೇಕಿಲ್ಲ. ಕಡ್ಡಿ ಗೀರುವ ಮೊದಲು ನಿಮ್ಮದೇ ಹೊಲದಲ್ಲಿ ಸುಟ್ಟ ಕಡೆ ಒಂದು ಗುಂಡಿ, ಸುಡದ ಬದುವಿನಲ್ಲಿ ಒಂದು ಗುಂಡಿ ತೆಗೆದು ನೋಡಿ. ಎರಡೂ ಮಣ್ಣನ್ನು ಕೈಯಲ್ಲಿ ಹಿಡಿಯಿರಿ. ಬಿತ್ತುವ ಯಂತ್ರ ಬೇಕೆಂದು ಊರವರೆಲ್ಲ ಸೇರಿ ಕೃಷಿ ಕಚೇರಿಗೆ ಬೇಗ ಬರೆಯಿರಿ. ಒಪ್ಪದವರಿದ್ದರೆ ಅವರ ಜೊತೆ ಕೂರಿ.

ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ಸಮೋತಿ ಕಚೇರಿಗೆ ಹೊರಟಳು. ಕಾಗದದಲ್ಲಿ ಹದಿಮೂರು ಸಹಿ ಇತ್ತು. ಕೊನೆಯದರ ಮೇಲೆ ಮಣ್ಣಿನ ಬೆರಳಚ್ಚು.