ಚೀಟಿ ಚುಚ್ಚುವ ಮುಂಚೆ

ಕಪ್ಪು ದಾರಕ್ಕಾಗಿ ಮುದುಕಿ ಹೊಲಿಗೆ ಮಿಷನ್ನಿನ ಎಡಗಡೆ ಡ್ರಾಯರನ್ನು ಜಗ್ಗಿದಳು. ಟೈಲರ್ ಗಂಡ ಇದ್ದಷ್ಟು ದಿನ ಅದಕ್ಕೆ ಬೇರೆ ಯಾರೂ ಕೈ ಹಾಕಿದ್ದಿಲ್ಲ. ಈಗ ಅವನು ನಡುಮನೆಯಲ್ಲಿ, ಶವಪೆಟ್ಟಿಗೆಯೊಳಗೆ, ತಾನೇ ಹೊಲಿದುಕೊಂಡ ಕೋಟು ತೊಟ್ಟು ಮಲಗಿದ್ದ. ಕೋಟಿನ ನಡುವಿನ ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು.

“ಬೀದಿಗೆಲ್ಲ ಗುಂಡಿ ಹಾಕಿಕೊಟ್ಟ. ತನ್ನದು ಮಾತ್ರ ನಾಳೆ, ನಾಳೆ,” ಎಂದಳು ನಾದಿನಿ ಮೂಗು ಒರೆಸಿಕೊಳ್ಳುತ್ತ. “ಬಿಡಿ ಅತ್ತಿಗೆ, ಮೇಲೆ ಕೈ ಇಟ್ರೆ ಕಾಣಲ್ಲ.”

“ಹೆಂಡತಿ ಹೀಗೆ ಕಳಿಸಿದಳು ಅಂತ ನಿಮ್ಮಣ್ಣ ಅಲ್ಲಿ ಹೋಗಿ ದೂರು ಹೇಳಲಿ ಅಂತಲಾ?”

ದಾರ ಸಿಗಲಿಲ್ಲ. ಅಳತೆಗೆ ಕತ್ತರಿಸಿದ ಕಾಗದಗಳ ಅಡಿಯಲ್ಲಿ ಕೈಗೆ ತಾಗಿದ್ದು ಒಂದು ಬಿಳಿ ಅಂಗಿ, ಮೊಳ ಉದ್ದವೂ ಇಲ್ಲ. ಅಂಚಿನ ಸುತ್ತ ಪೂರ್ತಿ ಲೇಸು. ಅವಳು ಕೊನೆಯ ಸಲ ನೋಡಿದಾಗ ಅದು ಅರ್ಧಕ್ಕೇ ನಿಂತಿತ್ತು. ಗಿರಾಕಿಗಳ ಬಟ್ಟೆಗೆ ಹೆಸರು ಬರೆದು ಚುಚ್ಚುವಂಥದೇ ಒಂದು ಚೀಟಿ ಅಂಗಿಯ ಎದೆಗಿತ್ತು. ಕನ್ನಡಕವಿಲ್ಲದೆ ಅವಳಿಗೆ ಅಕ್ಷರ ಹತ್ತಲಿಲ್ಲ.

*

ನಲವತ್ತಾರು ವರ್ಷದ ಹಿಂದಿನ ಮಾತು. ಚೊಚ್ಚಲು ಹೆಣ್ಣುಮಗು. ದೀಕ್ಷಾಸ್ನಾನಕ್ಕೆ ಭಾನುವಾರ ಗೊತ್ತಾಗಿತ್ತು, ಅಂಗಿಯ ಲೇಸು ಮುಗಿದಿರಲಿಲ್ಲ.

“ಟೈಲರ್ ಮಗಳು ಸಭೆಯೆದುರು ಬೋಳು ಅಂಗಿ ಹಾಕ್ಕೊಂಡು ಹೋಗಬೇಕಾ? ಒಂದು ವಾರ ಮುಂದಕ್ಕೆ ಹಾಕಿಸ್ರಿ,” ಎಂದು ಹಟ ಹಿಡಿದವಳು ಅವಳೇ. ಅವನು ಹೋಗಿ ಪಾದ್ರಿಗಳಿಗೆ ಹೇಳಿಬಂದ. ಆ ಭಾನುವಾರ ಹಾಗೇ ಕಳೆಯಿತು. ಬುಧವಾರ ಜ್ವರ ಬಂತು. ಶುಕ್ರವಾರಕ್ಕೆ ತೊಟ್ಟಿಲು ಖಾಲಿ. ಮಗುವಿನ ತಲೆಗೆ ನೀರೂ ಬೀಳಲಿಲ್ಲ, ಸಭೆಯ ಪುಸ್ತಕದಲ್ಲಿ ಹೆಸರೂ ಬೀಳಲಿಲ್ಲ.

ಅವನು ಒಂದು ಮಾತು ಆಡಲಿಲ್ಲ. ಆದರೆ ಆಮೇಲೆ ಇಬ್ಬರು ಮಕ್ಕಳಾದರೂ, ಊಟಕ್ಕೆ ಮುಂಚಿನ ಪ್ರಾರ್ಥನೆ ಮಾತ್ರ ಹೀಗೇ ಶುರುವಾಗುತ್ತಿತ್ತು: “ಒಡಂಬಡಿಕೆ ಮರೆಯದ ತಂದೆಯೇ, ನಮ್ಮ ಮೊದಲನೆಯವಳು, ಅವಳ ತಮ್ಮ, ಅವಳ ತಂಗಿ...” ಒಂದು ದಿನ ತಪ್ಪಲಿಲ್ಲ. ಮೊದಲನೆಯವಳು ಎಂದಾಗಲೆಲ್ಲ ಅವಳು ತಟ್ಟೆ ನೋಡುತ್ತಿದ್ದಳು. ತನ್ನನ್ನೇ ಹಂಗಿಸುತ್ತಾನೆ ಎಂದುಕೊಂಡಳು. ಕೇಳಲು ಬಾಯಿ ಬರಲಿಲ್ಲ. ನಲವತ್ತಾರು ವರ್ಷ ಹಾಗೇ ಅನ್ನ ಬಡಿಸಿದಳು.

*

“ಕುಣಿ ಆಯ್ತಕ್ಕಾ. ಅವನು ಹೇಳಿದ್ದ ಕಡೆನೇ, ಮಗು ಪಕ್ಕ.”

ಚರ್ಚಿನಲ್ಲಿ ಗಂಟೆ ಹೊಡೆಯುವ, ಕುಣಿಯನ್ನೂ ತೋಡುವ ಗಂಟೆಯಣ್ಣ ಬಾಗಿಲಲ್ಲಿ ನಿಂತಿದ್ದ. ಸತ್ತವನ ಜೊತೆಗಾರ. ಕೈಯಲ್ಲಿ ಇನ್ನೂ ಮಣ್ಣು. ಅಂಗಿ ನೋಡಿ ಒಳಗೆ ಬಂದ.

“ಅಯ್ಯೋ, ಇದನ್ನ ಇನ್ನೂ ಇಟ್ಟಿದ್ನಾ!”

“ನೀವು ನೋಡಿದ್ರಾ ಅಣ್ಣ?”

“ಮಗು ಮಣ್ಣಾದ ಮೂರನೇ ದಿನ ಅಂಗಡೀಲಿ ಕೂತು ಲೇಸು ಹಚ್ಚುತ್ತಿದ್ದ. ತಲೆ ಕೆಟ್ಟಿದೆಯೇನೋ, ಯಾರಿಗೋ ಇದು ಅಂದೆ. ಚೀಟಿ ತೋರಿಸಿದ.”

“ಏನಿದೆ? ಓದಿ.”

ಅವನು ಅಂಗಿಯನ್ನು ಬೆಳಕಿಗೆ ಹಿಡಿದ. “‘ಕರ್ತನದು’ ಅಂತಿದೆ. ಕೆಳಗೆ ಮೊದಲು ಗೊತ್ತಾಗಿದ್ದ ಆ ಭಾನುವಾರದ ತಾರೀಖು.”

ಅವಳು ಕೈ ಚಾಚಿ ಅಂಗಿಯನ್ನು ವಾಪಸ್ಸು ತೆಗೆದುಕೊಂಡಳು.

“ಸ್ನಾನವೇ ಆಗಲಿಲ್ವಲ್ಲೋ ಅಂದುಬಿಟ್ಟೆ, ಬಾಯಿ ತಪ್ಪಿ. ಅದಕ್ಕವನು, ‘ಗಿರಾಕಿ ಬಟ್ಟೆ ತಂದುಕೊಡ್ತಾನೆ, ಚೀಟಿ ನಾನು ಆಮೇಲೆ ಚುಚ್ತೀನಿ. ಚುಚ್ಚೋ ಮುಂಚೆ ಬಟ್ಟೆ ಅವನದಲ್ವಾ? ದೇವರು ನಮಗೆ ಕೊಟ್ಟ ಮಾತು ಮಕ್ಕಳನ್ನೂ ಸೇರಿಸಿ ಕೊಟ್ಟಿದ್ದು. ಚೀಟಿ ಬೇಕಾಗೋದು ನಮ್ಮ ಮರೆವಿಗೆ, ಅವನಿಗಲ್ಲ’ ಅಂದ.”

“ಮತ್ತೆ ದಿನಾ ಪ್ರಾರ್ಥನೇಲಿ ನನ್ನೆದುರಿಗೇ ಅವಳನ್ನ ಎತ್ತಿ ಆಡ್ತಿದ್ರಲ್ಲ?”

“ನಿಮ್ಮ ಕಿವಿಗೆ ಬೀಳಲಿ ಅಂತಲೇ ಅಕ್ಕಾ. ಮಗು ಕಳೆದುಹೋಗಿಲ್ಲ ಅಂತ ಇವಳಿಗೆ ದಿನಾ ಹೇಳಬೇಕು ಅಂತಿದ್ದ. ನಿಮಗೆ ಗೊತ್ತಿರಲಿಲ್ವಾ?”

“ಅವರು ಬಾಯಿಬಿಟ್ಟು ಯಾವತ್ತು ಏನು ಹೇಳಿದ್ರು?” ಎಂದಳು. ನಗುವಿನಂತೆ ಹೊರಟ ದನಿ ನಡುವೆಯೇ ಒಡೆಯಿತು. ನಾದಿನಿ ಹತ್ತಿರ ಬಂದು ಸುಮ್ಮನೆ ಬೆನ್ನು ಸವರಿದಳು.

ಮಿಷನ್ನಿನ ಮೇಲಿದ್ದ ದಾರದ ಉಂಡೆ ಈಗ ಕಣ್ಣಿಗೆ ಬಿತ್ತು. ನಾದಿನಿ ಸೂಜಿ ಪೋಣಿಸಿಕೊಟ್ಟಳು. ಮುದುಕಿ ಪೆಟ್ಟಿಗೆಯ ಮೇಲೆ ಬಗ್ಗಿ ಗುಂಡಿಯನ್ನು ಬಿಗಿಯಾಗಿ ಹಾಕಿ ದಾರವನ್ನು ಹಲ್ಲಿನಲ್ಲಿ ಕಡಿದಳು. ಹೊರಗೆ ಪಾದ್ರಿಗಳ ಕೆಮ್ಮು ಕೇಳಿಸಿತು. ಮಗ ಮುಚ್ಚಳ ಹಿಡಿದು ಕಾಯುತ್ತಿದ್ದ.

“ಒಂದು ನಿಮಿಷ ಇರಪ್ಪ.”

ತಯಾರಾದ ಬಟ್ಟೆ ಕೊಡುವ ಹೊತ್ತಿಗೆ ಅವನು ಮಾಡುತ್ತಿದ್ದ ಹಾಗೆ ಅವಳು ಗುಂಡುಸೂಜಿ ಕಿತ್ತು ಚೀಟಿ ಬಿಡಿಸಿಕೊಂಡಳು. ಅಂಗಿಯನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಅವನ ಅಂಗೈ ಅಡಿಗೆ ಇಟ್ಟಳು.

ಮುಚ್ಚಳ ಇಳಿಯುವವರೆಗೂ ಅವನ ಬೆರಳಿನ ಸಂದಿಯಲ್ಲಿ ಬಿಳಿ ಬಟ್ಟೆಯ ಮೇಲೆ ಎರಡು ತುಕ್ಕಿನ ಚುಕ್ಕೆ ಕಾಣುತ್ತಿದ್ದವು, ಸೂಜಿ ಒಳಹೊಕ್ಕದ್ದೊಂದು, ಹೊರಬಂದದ್ದೊಂದು.